ನೋಡಿದ್ದನ್ನು ಯಾರಿಗೆ ಹೇಳೋಣ?

(ಹಾಸನದಲ್ಲಿ ಏಪ್ರಿಲ್ ಕೊನೆಯ ವಾರದ ಒಂದು ಸಂಜೆ, ಆಕಾಶ ನೋಡುವ ಹವ್ಯಾಸಕ್ಕೆ ಹೊಸದಾಗಿ ಬಂದವರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊನ್ನೆ ಮಧ್ಯಾಹ್ನ ನಮ್ಮ ಮನೆ ತಾರಸಿ ಮೇಲೆ ಒಂದು ಮೀಟರ್ ಉದ್ದದ ಪೈಪಿನ ತುಂಡನ್ನು ನೆಟ್ಟಗೆ ನಿಲ್ಲಿಸಿದ್ದೆ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಅಂತ ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ಲ, ಅದನ್ನೇ ಇಟ್ಟು ಸರಿ ಮಾಡಿಕೊಂಡಿದ್ದೆ. 12 ಗಂಟೆ ದಾಟಿದಾಗ ಪೈಪಿನ ಬುಡದಲ್ಲಿ ನಾಲ್ಕು ಬೆರಳಗಲ ನೆರಳಿತ್ತು. ಅದು ನೋಡನೋಡುತ್ತಾ ಕುಗ್ಗಿತು. 12:23ರ ಸುಮಾರಿಗೆ ಪೂರ್ತಿ ಮಾಯವಾಯಿತು. ಪೈಪು ಇದೆ, ಬಿಸಿಲು ಸುಡುತ್ತಿದೆ, ನೆರಳು ಮಾತ್ರ ಇಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲಿದ್ದಾನೆ. ಬೆಂಗಳೂರು, ಹಾಸನ, ಮಂಗಳೂರು ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿ ಇರುವುದರಿಂದ ಈ ಮೂರೂ ಕಡೆ ಏಪ್ರಿಲ್ 24, 25ರ ಸುಮಾರಿಗೆ ಒಂದು ಸಲ, ಆಗಸ್ಟ್ 18ರ ಸುಮಾರಿಗೆ ಇನ್ನೊಂದು ಸಲ ಹೀಗಾಗುತ್ತದೆ. ಶೂನ್ಯ ನೆರಳಿನ ದಿನ ಅನ್ನುತ್ತೇವೆ.

ನೆರಳು ಮಾಯವಾದ ಸ್ವಲ್ಪ ಹೊತ್ತಿಗೆ ಭೋಪಾಲದಿಂದ ಗೆಳೆಯರೊಬ್ಬರ ಫೋನ್ ಬಂತು. ಅವರೂ ಅಲ್ಲಿ ಒಂದು ಮೀಟರ್ ಕೋಲು ನಿಲ್ಲಿಸಿಕೊಂಡು ಕೂತಿದ್ದರು. "ನಮ್ಮಲ್ಲಿ ಅತಿ ಚಿಕ್ಕ ನೆರಳು 18 ಸೆಂಟಿಮೀಟರ್" ಅಂದರು. ಆ ನೆರಳನ್ನು ಕೋನಕ್ಕೆ ತಿರುಗಿಸಿದರೆ ಹತ್ತಿರ ಹತ್ತಿರ 10.3 ಡಿಗ್ರಿ ಬರುತ್ತದೆ. ಹಾಸನದಲ್ಲಿ ಸೊನ್ನೆ, ಅಲ್ಲಿ 10.3, ಅಂದರೆ ಈ ಎರಡು ಅಕ್ಷಾಂಶಗಳ ನಡುವೆ ಭೂಮಿ ಬಾಗಿರುವುದು ಅಷ್ಟು. ಹಾಸನದ ಅಕ್ಷಾಂಶದಿಂದ ಭೋಪಾಲದ ಅಕ್ಷಾಂಶಕ್ಕೆ ಉತ್ತರ ದಿಕ್ಕಿನಲ್ಲಿ ನೇರ ಲೆಕ್ಕ ಹಾಕಿದರೆ ಸುಮಾರು 1140 ಕಿಲೋಮೀಟರ್. ಇಡೀ ಸುತ್ತಿಗೆ 360 ಡಿಗ್ರಿ ಅಲ್ವಾ? 360ನ್ನು 10.3ರಿಂದ ಭಾಗಿಸಿ 1140ರಿಂದ ಗುಣಿಸಿದೆವು. 39,800 ಚಿಲ್ಲರೆ ಬಂತು. ಭೂಮಿಯ ಸುತ್ತಳತೆ 40,000 ಕಿಲೋಮೀಟರ್! ಒಂದು ಪೈಪಿನ ತುಂಡು, ಒಂದು ಕೋಲು, ಒಂದು ಫೋನ್ ಕರೆ. ಅಷ್ಟೇ ಖರ್ಚು.

ನಾನೊಬ್ಬನೇ ತಾರಸಿ ಮೇಲೆ ನಿಂತಿದ್ದರೆ ನೆರಳು ಮಾಯವಾದದ್ದನ್ನು ನೋಡಿ ಖುಷಿಪಟ್ಟು ಕೆಳಗಿಳಿದು ಊಟ ಮಾಡುತ್ತಿದ್ದೆ. ಭೂಮಿಯನ್ನು ಅಳೆಯಲು ದೂರದಲ್ಲಿ ಇನ್ನೊಬ್ಬರು ಬೇಕಾಯಿತು. ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದಿರುವುದು ಆ ಇನ್ನೊಬ್ಬರ ಬಗ್ಗೆ.

ಸುಮಾರು ಇಪ್ಪತ್ತು ವರ್ಷದ ಹಿಂದೆ ನನ್ನ ಮೊದಲ ದುರ್ಬೀನು ಕೊಂಡೆ. ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರದಲ್ಲಿ 525 ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ ಬರೆದಿತ್ತು. ಜೊತೆಗೆ ಶನಿಗ್ರಹದ ಬಣ್ಣದ ಚಿತ್ರ. ಮನೆಗೆ ತಂದು ಅತಿ ಜಾಸ್ತಿ ಪವರಿನ ಮಸೂರಗಳನ್ನೇ ಹಾಕಿದೆ. ಏನೂ ಕಾಣಲಿಲ್ಲ. ಚಂದ್ರನ ಕಡೆ ತಿರುಗಿಸಿದರೆ ಹಾಲು ಚೆಲ್ಲಿದ ಹಾಗೆ ಬಿಳಿ ಮಬ್ಬು. ಕೈ ತಾಗಿದರೆ ಸಾಕು, ಅದೂ ಓಡಿಹೋಗುತ್ತಿತ್ತು. ಒಂದು ವಾರ ಕಷ್ಟಪಟ್ಟೆ. ಆಮೇಲೆ ಅಟ್ಟಕ್ಕೆ ಹಾಕಿದೆ. ಎಷ್ಟೋ ಮನೆಗಳ ಅಟ್ಟದಲ್ಲಿ ಇಂಥ ದುರ್ಬೀನುಗಳಿವೆ. ಮಕ್ಕಳ ಆಸೆಗೆ ಕೊಂಡದ್ದು, ಮಕ್ಕಳ ಬೇಸರಕ್ಕೆ ಮೇಲೆ ಹೋದದ್ದು. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಆಕಾಶ ನೋಡುವ ಹವ್ಯಾಸಿಗಳು ಬೆಂಗಳೂರಿನಲ್ಲಿ ಆಗಾಗ ಸೇರುತ್ತಾರೆ ಅಂತ ಯಾರೋ ಹೇಳಿದರು. ಒಂದು ಭಾನುವಾರ ದುರ್ಬೀನನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಅಲ್ಲಿ ನಿವೃತ್ತರಾದ ಒಬ್ಬ ಮೇಷ್ಟ್ರು ಇದ್ದರು. "ಎಷ್ಟು ಕೊಟ್ಟೆ?" ಅಂತ ಅವರು ಕೇಳಲಿಲ್ಲ. "ಮೋಸ ಹೋದೆ" ಅಂತಲೂ ಅನ್ನಲಿಲ್ಲ. "ಏನಪ್ಪಾ, ಇದರ ಮುಂದಿನ ಗಾಜು ಎಷ್ಟಗಲ ಇದೆ ಹೇಳು" ಅಂದರು. 60 ಮಿಲಿಮೀಟರ್. "ಹಾಗಾದ್ರೆ ಇದರ ತಾಕತ್ತು 120 ಪಟ್ಟು. ಅದೂ ಗಾಳಿ ಶಾಂತವಾಗಿರೋ ರಾತ್ರಿ. ಅದಕ್ಕಿಂತ ಜಾಸ್ತಿ ಕೇಳಿದ್ರೆ ಪಾಪ, ಅದು ಎಲ್ಲಿಂದ ತರುತ್ತೆ?" ಅಂದರು.

ಒಂದು ಮಿಲಿಮೀಟರ್ ಗಾಜಿಗೆ ಎರಡು ಪಟ್ಟು, ಅಷ್ಟೇ ಲೆಕ್ಕ. ಇದನ್ನು ಪೆಟ್ಟಿಗೆ ಮೇಲೆ ಯಾರೂ ಬರೆಯುವುದಿಲ್ಲ.

ಅವರು ಪವರ್ ಹೆಚ್ಚಿಸುವ ಎರಡು ಮಸೂರಗಳನ್ನು ತೆಗೆದು ನನ್ನ ಜೇಬಿಗೇ ಹಾಕಿದರು. 20 ಮಿಲಿಮೀಟರ್ ಮಸೂರ ಕೂರಿಸಿದರು. ನನ್ನ ದುರ್ಬೀನಿನ ನಾಭಿದೂರ 700 ಮಿಲಿಮೀಟರ್, ಅದನ್ನು 20ರಿಂದ ಭಾಗಿಸಿದರೆ 35. ಬರೀ 35 ಪಟ್ಟು. ಆಮೇಲೆ ಹಗಲು ಬೆಳಕಿನಲ್ಲೇ ದೂರದ ತೆಂಗಿನ ಮರದ ತುದಿಗೆ ದುರ್ಬೀನು ತಿರುಗಿಸಿದರು. ಪಕ್ಕದಲ್ಲಿರುವ ಪುಟ್ಟ ಗುರಿ ದುರ್ಬೀನಿನಲ್ಲೂ ಅದೇ ತುದಿ ನಟ್ಟ ನಡುವೆ ಬರುವ ಹಾಗೆ ಮೂರು ಸ್ಕ್ರೂ ತಿರುಗಿಸಿದರು. ಗುರಿ ದುರ್ಬೀನಿನಲ್ಲಿ ಮರ ತಲೆಕೆಳಗಾಗಿ ಕಾಣುತ್ತಿತ್ತು. "ಅದು ಹಾಗೇ ಇರೋದು, ಕೆಟ್ಟಿಲ್ಲ" ಅಂದರು. ನಾನು ಕೆಟ್ಟಿದೆ ಅಂತಲೇ ತಿಳಿದಿದ್ದೆ.

ಆ ರಾತ್ರಿ ಅವರ ಮನೆ ಮಹಡಿ ಮೇಲೆ ಸಪ್ತರ್ಷಿ ಮಂಡಲದ ಕಡೆ ತಿರುಗಿಸಿದೆವು. ಮದುವೆಯಲ್ಲಿ ಅರುಂಧತಿ ತೋರಿಸುತ್ತಾರಲ್ಲ, ವಸಿಷ್ಠನ ಪಕ್ಕದ ಚಿಕ್ಕ ನಕ್ಷತ್ರ? ಅವೆರಡೂ ದೂರ ದೂರ ಕಂಡವು. ಅಷ್ಟೇ ಆಗಿದ್ದರೆ ಸರಿ. ಆದರೆ ಬರಿಗಣ್ಣಿಗೆ ಒಂದೇ ಚುಕ್ಕಿಯಾಗಿದ್ದ ವಸಿಷ್ಠ ಎರಡಾಗಿದ್ದ! ಅಂಟಿಕೊಂಡ ಹಾಗೆ ಎರಡು ಚುಕ್ಕಿ, ಒಂದು ಸ್ವಲ್ಪ ಮಂಕು. ಅಟ್ಟದಲ್ಲಿ ಧೂಳು ತಿಂದಿದ್ದ ಅದೇ ದುರ್ಬೀನು. ಅದೇ ನನ್ನ ಕಣ್ಣು. ಮಧ್ಯೆ ಬಂದದ್ದು ಮೇಷ್ಟ್ರು ಮಾತ್ರ.

ಈ ಹವ್ಯಾಸದಲ್ಲಿ ಕಲಿಕೆ ಎಲ್ಲ ಹೀಗೇ ಕೈಯಿಂದ ಕೈಗೆ ಬರುತ್ತದೆ. ನಾನು ಓದಿ ಕಲಿತದ್ದೂ ಇದೆ, ಆದರೆ ಸ್ಕ್ರೂ ಎಷ್ಟು ಬಿಗಿ ಮಾಡಬೇಕು ಅನ್ನುವುದನ್ನು ಪಕ್ಕದಲ್ಲಿ ನಿಂತವರು ತೋರಿಸಿದಾಗಲೇ ತಿಳಿದದ್ದು. ಬೆಂಗಳೂರಿನಲ್ಲಿ ಹವ್ಯಾಸಿಗಳ ಸಂಘ 1976ರಿಂದಲೇ ಇದೆ. ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜಿನ ಆಕಾಶ ವೀಕ್ಷಕರ ಕೂಟ ಇದೆ. ಪುಣೆಯ ಐಯೂಕಾ ಅನ್ನುವ ಖಗೋಳ ಸಂಶೋಧನಾ ಸಂಸ್ಥೆಯಲ್ಲಿ ಕನ್ನಡಿ ಉಜ್ಜಿ ದುರ್ಬೀನು ಮಾಡುವುದನ್ನೇ ಹೇಳಿಕೊಡುವ ಶಿಬಿರಗಳು ನಡೆದಿವೆ. ಈಗಂತೂ ಫೋನಿನಲ್ಲೇ ಒಂದು ಫೋಟೋ ಕಳಿಸಿ "ಇದೇನು ಕಾಣ್ತಿದೆ?" ಅಂತ ಕೇಳಿದರೆ ಹತ್ತು ನಿಮಿಷದಲ್ಲಿ ಯಾರಾದರೂ ಉತ್ತರ ಕೊಡುತ್ತಾರೆ.

ಆದರೆ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಿದ್ದ ಕಾಲದ ಒಬ್ಬರ ಕಥೆ ಹೇಳಬೇಕು. ನನಗೆ ತುಂಬಾ ಹತ್ತಿರವಾದ ಕಥೆ ಇದು.

ರಾಧಾಗೋವಿಂದ ಚಂದ್ರ ಅಂತ ಅವರ ಹೆಸರು. ಹುಟ್ಟಿದ್ದು 1878ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಜೆಸ್ಸೋರ್ ಹತ್ತಿರದ ಒಂದು ಹಳ್ಳಿಯಲ್ಲಿ. ಸ್ಕೂಲ್ ಪರೀಕ್ಷೆ ಪಾಸಾಗಲಿಲ್ಲ. ಜೆಸ್ಸೋರಿನ ಸರ್ಕಾರಿ ಖಜಾನೆಯಲ್ಲಿ ನಾಣ್ಯ ನೋಡುವ ಸಣ್ಣ ಕೆಲಸ. ಹಗಲು ನಾಣ್ಯ, ರಾತ್ರಿ ನಕ್ಷತ್ರ. ಅದೇ ಊರಿನಲ್ಲಿ ಕಾಲಿನಾಥ ಮುಖರ್ಜಿ ಅಂತ ಒಬ್ಬ ವಕೀಲರಿದ್ದರು. ಅವರು ನಕ್ಷತ್ರಗಳ ಪಟ ಸಿದ್ಧಪಡಿಸುತ್ತಿದ್ದರು. ಚಂದ್ರ ಅವರು ಆಕಾಶ ಓದಲು ಕಲಿತದ್ದು ಅವರ ಜೊತೆಯಲ್ಲಿ. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ನೋಡಿ ಬರೆದಿಟ್ಟುಕೊಂಡರು. 1912ರಲ್ಲಿ ಇಂಗ್ಲೆಂಡಿನಿಂದ ಮೂರು ಇಂಚಿನ ದುರ್ಬೀನು ತರಿಸಿಕೊಂಡರು.

1918ರ ಜೂನ್‌ನಲ್ಲಿ ಗರುಡ ನಕ್ಷತ್ರಪುಂಜದಲ್ಲಿ, ಇದ್ದಕ್ಕಿದ್ದ ಹಾಗೆ, ಮುಂಚೆ ಕಣ್ಣಿಗೆ ಕಾಣದಿದ್ದ ಒಂದು ನಕ್ಷತ್ರ ಬೆಳಗಿತು. ಹೀಗೆ ಸಿಡಿದು ಬೆಳಗುವ ನಕ್ಷತ್ರಕ್ಕೆ ನೋವಾ ಅನ್ನುತ್ತಾರೆ. ಚಂದ್ರ ಅವರು ಅದನ್ನು ತಾವಾಗಿಯೇ ಕಂಡುಹಿಡಿದರು. ಈಗ ಯೋಚನೆ ಮಾಡಿ. ಜೆಸ್ಸೋರಿನ ಖಜಾನೆ ಗುಮಾಸ್ತ ರಾತ್ರಿ ಹೊಸ ನಕ್ಷತ್ರ ನೋಡಿದ್ದಾನೆ. ಬೆಳಗಾದರೆ ಆಫೀಸಿನಲ್ಲಿ ಯಾರಿಗೆ ಹೇಳಬೇಕು? ಯಾರು ನಂಬುತ್ತಾರೆ? ನಂಬಿದರೂ ಅದರಿಂದ ಏನಾಗಬೇಕು?

ಅವರು ನೋಡಿದ್ದನ್ನು ಬರೆದು ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಕಳಿಸಿದರು. ಅಲ್ಲಿಂದ ಉತ್ತರ ಬಂತು. ಬೆಳಕು ಹೆಚ್ಚುಕಡಿಮೆ ಆಗುವ ನಕ್ಷತ್ರಗಳನ್ನು ನೋಡಿ ಬರೆಯುವ ಹವ್ಯಾಸಿಗಳ ಸಂಘ ಒಂದಿದೆ, ಸೇರಿಕೊಳ್ಳಿ ಅಂತ ಕರೆದರು. ಎಎವಿಎಸ್‌ಒ ಅಂತ ಅದರ ಹೆಸರು. 1911ರಲ್ಲಿ ವಿಲಿಯಂ ಟೈಲರ್ ಓಲ್ಕಾಟ್ ಶುರು ಮಾಡಿದ್ದು. ಆತನೂ ಓದಿದ್ದು ಕಾನೂನು, ಮಾಡುತ್ತಿದ್ದದ್ದು ನಕ್ಷತ್ರದ ಹವ್ಯಾಸ.

ಅಲ್ಲಿಂದ ಮುಂದೆ ಚಂದ್ರ ಅವರು ಬಿಡಲಿಲ್ಲ. 1926ರಲ್ಲಿ ಸಂಘ ಅವರಿಗೆ ಆರು ಇಂಚಿಗಿಂತ ಸ್ವಲ್ಪ ದೊಡ್ಡ ದುರ್ಬೀನನ್ನು ಸಮುದ್ರ ದಾಟಿಸಿ ಕಳಿಸಿತು. ಚಾರ್ಲ್ಸ್ ಎಲ್ಮರ್ ಎಂಬ ಸದಸ್ಯರ ದುರ್ಬೀನು ಅದು. ಒಬ್ಬರ ಮುಖ ಒಬ್ಬರು ನೋಡಿಲ್ಲ! ನಂಬಿಕೆಗೆ ಇದ್ದದ್ದು ಪ್ರತಿ ತಿಂಗಳು ಬರುತ್ತಿದ್ದ ಅಂಕಿಗಳು ಮಾತ್ರ. 1954ರವರೆಗೆ ಅವರು 37,000ಕ್ಕೂ ಜಾಸ್ತಿ ಸಲ ನಕ್ಷತ್ರಗಳ ಬೆಳಕನ್ನು ಅಂದಾಜು ಮಾಡಿ ಕಳಿಸಿದರು. ದೇಶ ಒಡೆದ ಮೇಲೆ ಊರು ಬಿಟ್ಟು ಕೋಲ್ಕತ್ತದ ಹತ್ತಿರ ಬಂದು ನೆಲೆಸಿದರು. ದುರ್ಬೀನು ಜೊತೆಯಲ್ಲೇ ಬಂತು.

ವಯಸ್ಸಾದ ಮೇಲೆ ಅವರು ಅದನ್ನು ಮುಂದಿನವರಿಗೆ ಕೊಟ್ಟರು. ಯಾರಿಗೆ ಗೊತ್ತಾ? ವೇಣು ಬಪ್ಪು ಅವರಿಗೆ. ಬಪ್ಪು ಕೂಡ ಹುಡುಗರಾಗಿದ್ದಾಗಲೇ ಇಂಥ ನಕ್ಷತ್ರಗಳನ್ನು ನೋಡಿ ಬರೆಯುತ್ತಿದ್ದವರು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು, ತಮಿಳುನಾಡಿನ ಜವ್ವಾದಿ ಬೆಟ್ಟದಲ್ಲಿರುವ ಕಾವಲೂರಿನಲ್ಲಿ ವೀಕ್ಷಣಾಲಯ ಮಾಡಿದವರು. ಆ ದುರ್ಬೀನು ಕೊನೆಗೆ ಬಂದು ಸೇರಿದ್ದು ಕಾವಲೂರಿಗೇ. ನ್ಯೂಯಾರ್ಕ್ ಕಡೆಯ ಹವ್ಯಾಸಿಯ ಕೈಯಿಂದ ಜೆಸ್ಸೋರಿನ ಗುಮಾಸ್ತರ ಕೈಗೆ, ಅಲ್ಲಿಂದ ನಮ್ಮ ನೆರೆಯ ಜವ್ವಾದಿ ಬೆಟ್ಟಕ್ಕೆ. ಈ ಹವ್ಯಾಸಿ ಬಳಗ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ದುರ್ಬೀನಿನ ಪ್ರಯಾಣ ಹೇಳುತ್ತೇನೆ.

ಹಾಗಾದರೆ ಇವರೆಲ್ಲ ಕಳಿಸುವುದಾದರೂ ಏನು? ನಾನೇ ಮಾಡಿದ್ದನ್ನು ಹೇಳುತ್ತೇನೆ, ನಿಮಗೂ ದುರ್ಬೀನಿಲ್ಲದೆ ಆಗುವ ಕೆಲಸ.

2019ರ ಕೊನೆಯಲ್ಲಿ ಆರ್ದ್ರಾ ನಕ್ಷತ್ರ ಮಂಕಾಗುತ್ತಿದೆ ಅಂತ ಸುದ್ದಿ ಬಂತು. ಮಹಾವ್ಯಾಧ, ಅಂದರೆ ಓರಿಯನ್ ನಕ್ಷತ್ರಪುಂಜದ ಬೇಟೆಗಾರನ ಹೆಗಲ ಮೇಲಿರುವ ಕೆಂಪು ನಕ್ಷತ್ರ. ಚಳಿಗಾಲದಲ್ಲಿ ಎಂಥವರ ಕಣ್ಣಿಗೂ ಬೀಳುತ್ತದೆ. ನಾನು ದಿನಾ ರಾತ್ರಿ ಊಟ ಆದ ಮೇಲೆ ತಾರಸಿಗೆ ಹೋಗಿ ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದೆ. ವಿಧಾನ ಸುಲಭ. ಬೆಳಕಿನ ಅಳತೆ ಗೊತ್ತಿರುವ ಎರಡು ನಕ್ಷತ್ರ ಆರಿಸಿಕೊಳ್ಳಿ, ಒಂದು ಹೆಚ್ಚು ಬೆಳಗುವುದು, ಒಂದು ಕಡಿಮೆ. ಆರ್ದ್ರಾ ಇವೆರಡರ ನಡುವೆ ಎಲ್ಲಿ ಬರುತ್ತದೆ? ಮಾಮೂಲಾಗಿ ಅದು 0.5ರ ಆಸುಪಾಸು. ಈ ಲೆಕ್ಕದಲ್ಲಿ ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು, ಅದನ್ನು ನೆನಪಿಡಿ. ಜನವರಿ ಹೊತ್ತಿಗೆ ರೋಹಿಣಿಗಿಂತ ಕೆಳಗಿಳಿದಿತ್ತು. ರೋಹಿಣಿ ಸುಮಾರು 0.9. ಫೆಬ್ರವರಿಯಲ್ಲಿ ಮಹಾವ್ಯಾಧನ ಇನ್ನೊಂದು ಹೆಗಲಿನ ಬೆಲ್ಲಾಟ್ರಿಕ್ಸ್‌ಗೆ ಸಮ ಅನ್ನುವ ಹಾಗಾಯಿತು. ಅಂದರೆ 1.6.

ಶುರುವಿನಲ್ಲಿ ನನ್ನ ಅಂಕಿಗಳು ಎಲ್ಲರಿಗಿಂತ ಹೆಚ್ಚು ಬೆಳಕು ತೋರಿಸುತ್ತಿದ್ದವು. ಯಾಕೆ ಅಂತ ತಿಳಿಯಲಿಲ್ಲ. ಅನುಭವ ಇದ್ದ ಅಕ್ಕ ಒಬ್ಬರನ್ನು ಕೇಳಿದೆ. "ದಿಟ್ಟಿಸಿ ನೋಡ್ತೀರಾ?" ಅಂದರು. ಹೌದು ಅಂದೆ. "ಕೆಂಪು ನಕ್ಷತ್ರನ ದಿಟ್ಟಿಸಿದಷ್ಟೂ ಕಣ್ಣಿಗೆ ಅದು ಜಾಸ್ತಿ ಬೆಳಗ್ತಾ ಹೋಗುತ್ತೆ. ಸುಮ್ನೆ ಒಂದು ಸಲ ಕಣ್ಣು ಹಾಯಿಸಿ, ತೆಗೆದುಬಿಡಿ" ಅಂದರು. ಮಾರನೇ ರಾತ್ರಿಯಿಂದ ನನ್ನ ಅಂಕಿ ಸರಿಹೋಯಿತು.

ಒಬ್ಬರ ಕಣ್ಣಿನ ಅಂದಾಜಿನಲ್ಲಿ 0.2, 0.3ರಷ್ಟು ತಪ್ಪು ಸಹಜ. ನೂರಾರು ಜನ ನೂರಾರು ಊರಿನಿಂದ ಬರೆದಾಗ ಆ ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಒಂದು ಗೆರೆ ಮೂಡುತ್ತದೆ. ಆ ಗೆರೆ ಇಳಿದು, ತಳ ಮುಟ್ಟಿ, ಮತ್ತೆ ಏರಿದ್ದನ್ನು ನಾವೆಲ್ಲ ನೋಡಿದೆವು. ನಕ್ಷತ್ರ ಸಿಡಿಯುತ್ತದೆ ಅಂತ ಕೆಲವರು ಅಂದಿದ್ದರು. ಅದು ಹೊರಹಾಕಿದ ಅನಿಲ ತಣ್ಣಗಾಗಿ ಧೂಳಾಗಿ ನಮಗೂ ಅದಕ್ಕೂ ನಡುವೆ ಅಡ್ಡ ಬಂದಿತ್ತು ಅಂತ 2021ರಲ್ಲಿ ವಿಜ್ಞಾನಿಗಳು ವಿವರಿಸಿದರು. ಎಎವಿಎಸ್‌ಒ ಸಂಘದ ಕಣಜದಲ್ಲಿ ಇವತ್ತು ಇಂಥ 5 ಕೋಟಿಗೂ ಹೆಚ್ಚು ದಾಖಲೆಗಳಿವೆ. ಅದರಲ್ಲಿ ಜೆಸ್ಸೋರಿನವೂ ಇವೆ.

ಇನ್ನೊಬ್ಬರ ವಿಷಯವನ್ನೂ ಹೇಳಿಬಿಡುತ್ತೇನೆ. ಲೆಸ್ಲಿ ಪೆಲ್ಟಿಯರ್, ಅಮೆರಿಕದ ಓಹಾಯೋದ ರೈತನ ಮಗ. ಹದಿನಾರನೇ ವಯಸ್ಸಿನಲ್ಲಿ ತೋಟದಲ್ಲಿ ಸ್ಟ್ರಾಬೆರಿ ಬಿಡಿಸಿ, ಒಂದು ಅಳತೆಗೆ ಎರಡು ಸೆಂಟಿನ ಹಾಗೆ 900 ಅಳತೆ ಬಿಡಿಸಿ, 18 ಡಾಲರ್ ಕೂಡಿಸಿ ಎರಡು ಇಂಚಿನ ದುರ್ಬೀನು ಕೊಂಡ. ಸಂಘದವರು ಅವನ ಶ್ರದ್ಧೆ ನೋಡಿ ನಾಲ್ಕು ಇಂಚಿನದನ್ನು ಬಳಸಲು ಕೊಟ್ಟರು. ಮುಂದೆ 12 ಧೂಮಕೇತುಗಳನ್ನು ಕಂಡುಹಿಡಿದ.

ಉತ್ತರ ಕಿರೀಟ ಅನ್ನುವ ನಕ್ಷತ್ರಪುಂಜದಲ್ಲಿ ಒಂದು ಮಂಕು ನಕ್ಷತ್ರ ಇದೆ. 1866ರಲ್ಲಿ ಒಮ್ಮೆ ಸಿಡಿದು ಬರಿಗಣ್ಣಿಗೆ ಕಂಡಿತ್ತು. ಪೆಲ್ಟಿಯರ್ ಅದನ್ನು ಸುಮಾರು 25 ವರ್ಷ ಕಾದ. 1946ರ ಫೆಬ್ರವರಿಯಲ್ಲಿ ಒಂದು ಬೆಳಗಿನ ಜಾವ ಎರಡೂವರೆಗೆ ಅಲಾರಾಂ ಹೊಡೆದಾಗ ಗಂಟಲು ನೋವು, ನೆಗಡಿ ಬರುವ ಲಕ್ಷಣ. ಒಂದು ದಿನ ತಾನೇ ಅಂತ ಮತ್ತೆ ಮಲಗಿದ. ನಕ್ಷತ್ರ ಸಿಡಿದದ್ದು ಅದೇ ರಾತ್ರಿ!

ಆ ಮನುಷ್ಯನ ನೋವು ನನ್ನ ಹೊಟ್ಟೆಯೊಳಗೆ ಇಳಿದಿದೆ. ಆದರೆ ಆ ರಾತ್ರಿ ಜಗತ್ತು ಅದನ್ನು ಕಳೆದುಕೊಳ್ಳಲಿಲ್ಲ. ವೇಲ್ಸ್‌ನಲ್ಲಿ 15 ವರ್ಷದ ಹುಡುಗನೊಬ್ಬ ಕಿಟಕಿಯಿಂದ ನೋಡಿದ್ದ. ಸೋವಿಯತ್ ದೇಶದಲ್ಲಿ ರೈಲು ಹಳಿ ಕಾಯುವ ಒಬ್ಬ ನೌಕರ ನೋಡಿದ್ದ. ಒಬ್ಬರಿಗೆ ನೆಗಡಿ, ಒಬ್ಬರಿಗೆ ಮೋಡ, ಒಬ್ಬರ ಮನೆಯಲ್ಲಿ ಮದುವೆ. ಎಲ್ಲೋ ಒಬ್ಬರಂತೂ ಎದ್ದಿರುತ್ತಾರೆ.

ಈಗ ನಮ್ಮ ಕಡೆಯ ಮಾತು. ನಮ್ಮಲ್ಲಿ ಈ ಹವ್ಯಾಸಕ್ಕೆ ದೊಡ್ಡ ಅಡ್ಡಿ ದುಡ್ಡು ಅಂತ ನನಗೆ ಅನ್ನಿಸುವುದಿಲ್ಲ. ಹೆಣ್ಣುಮಕ್ಕಳನ್ನು ಕೇಳಿ ನೋಡಿ. ರಾತ್ರಿ ಎರಡು ಗಂಟೆಗೆ ಊರಾಚೆ ಕತ್ತಲಿರುವ ಜಾಗಕ್ಕೆ ಒಬ್ಬಳೇ ಹೋಗು ಅಂತ ಯಾವ ಮನೆಯಲ್ಲಿ ಕಳಿಸುತ್ತಾರೆ? ಅದೇ ಹತ್ತು ಜನ, ಅದರಲ್ಲಿ ನಾಲ್ಕು ಹೆಂಗಸರು, ಒಂದು ವ್ಯಾನು, ಹಳ್ಳಿಯಲ್ಲಿ ಗುರುತಿನವರ ಮನೆ ಜಗುಲಿ ಅಂದರೆ ಕಳಿಸುತ್ತಾರೆ. ನಮ್ಮ ಬಳಗದಲ್ಲಿ ಈಗ ಅತಿ ಚೆನ್ನಾಗಿ ಗೆಲಾಕ್ಸಿ ಹುಡುಕುವವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು. ಗುಂಪು ಇಲ್ಲದಿದ್ದರೆ ಅವಳು ಕತ್ತಲ ಆಕಾಶವನ್ನೇ ನೋಡುತ್ತಿರಲಿಲ್ಲ. ಹಾಗಾಗಿ ಗುಂಪು ಕಟ್ಟುವವರು ದುರ್ಬೀನಿಗಿಂತ ಮೊದಲು ಶೌಚಾಲಯ ಎಲ್ಲಿದೆ, ವಾಪಸ್ ಬರುವ ಗಾಡಿ ಯಾವುದು ಅಂತ ನೋಡಬೇಕು. ನಾನು ಇದನ್ನು ಹಟ ಹಿಡಿದು ಹೇಳುತ್ತೇನೆ.

ಗ್ರಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ಕರ್ನಾಟಕದ ಮೇಲೇ ಹಾದುಹೋಯಿತು, ಕಾರವಾರದ ಕಡೆಯಿಂದ ರಾಯಚೂರಿನ ಕಡೆಗೆ. ನಾನು ಚಿಕ್ಕವನು, ಬಾಗಿಲು ಹಾಕಿದ ಮನೆಯೊಳಗಿದ್ದೆ. ಹೊರಗೆ ಬೆಳಕು ಬಾಡಿದ್ದು ಕಿಟಕಿ ಸಂದಿಯಲ್ಲಿ ಕಂಡಿತು. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಕೊಡಗಿಗೆ ಹೋದೆ. ಗ್ರಹಣದ ಕನ್ನಡಕಗಳನ್ನು ಮೊದಲೇ ಪರೀಕ್ಷೆ ಮಾಡಿ ತಂದಿದ್ದೆವು. ಒಂದು ಗೀರು ಇದ್ದರೂ ತೆಗೆದು ಪಕ್ಕಕ್ಕಿಟ್ಟೆವು. ಎಕ್ಸ್‌ರೇ ಫಿಲ್ಮ್ ಹಿಡಿದುಕೊಂಡು ಬಂದ ಮಕ್ಕಳಿಂದ ಅದನ್ನು ತೆಗೆದುಕೊಂಡು ಕನ್ನಡಕ ಕೊಟ್ಟೆವು. ಸೂರ್ಯ ಬಳೆಯಾದಾಗ ಆ ಮಕ್ಕಳು ಹಾಕಿದ ಕೂಗು ಇನ್ನೂ ಕಿವಿಯಲ್ಲಿದೆ.

ಭಾಷೆಯ ಮಾತು ಇನ್ನೊಂದಿದೆ. ಒಂದು ಜನವರಿಯಲ್ಲಿ ಅರಸೀಕೆರೆ ಕಡೆಯ ಹಳ್ಳಿಯಲ್ಲಿ ದುರ್ಬೀನು ಇಟ್ಟಿದ್ದೆವು. ಸಾಲಿನಲ್ಲಿ ನಿಂತಿದ್ದ ಅಜ್ಜಿಗೆ "ಅದೋ ಅಲ್ಲಿ, ಕೆಂಪಗೆ ಕಾಣ್ತದಲ್ಲ, ಅದು ರೋಹಿಣಿ" ಅಂದೆ. ಅಜ್ಜಿ ನನ್ನ ಮುಖ ನೋಡಿ "ರೋಹಿಣಿ ಮಳೆ ಹೆಸರಲ್ವೇನಪ್ಪ?" ಅಂದರು. ಆಮೇಲೆ ಅಶ್ವಿನಿ, ಭರಣಿ, ಕೃತ್ತಿಕಾ ಅಂತ ಶುರು ಮಾಡಿ ಒಂದೇ ಉಸಿರಿಗೆ ಮಳೆ ನಕ್ಷತ್ರಗಳನ್ನೆಲ್ಲ ಹೇಳಿದರು. "ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ" ಅಂತ ಗಾದೆಯನ್ನೂ ಸೇರಿಸಿದರು. ಎಪ್ಪತ್ತು ವರ್ಷ ಬಾಯಲ್ಲಿದ್ದ ಹೆಸರು, ಅದರ ನಕ್ಷತ್ರವನ್ನು ಅವರಿಗೆ ಯಾರೂ ತೋರಿಸಿರಲಿಲ್ಲ. ಸೂರ್ಯ ರೋಹಿಣಿಯ ಹತ್ತಿರ ಇರುವಾಗ ಬರುವುದು ರೋಹಿಣಿ ಮಳೆ, ಆಗ ಆ ನಕ್ಷತ್ರ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ, ಅದಕ್ಕೇ ಚಳಿಗಾಲದಲ್ಲಿ ನೋಡಬೇಕು ಅಂದೆ. ಅಜ್ಜಿ ತುಂಬಾ ಹೊತ್ತು ತಲೆಯೆತ್ತಿ ನಿಂತೇ ಇದ್ದರು. ನಮ್ಮವರಿಗೆ ಆಕಾಶದ ಅರ್ಧ ಪಾಠ ಆಗಲೇ ಬರುತ್ತದೆ. ಕೇಳಿದವರಿಗೆ ಕನ್ನಡದಲ್ಲೇ ಉತ್ತರ ಕೊಡುವವರು ಜಾಸ್ತಿ ಆಗಬೇಕು. ಈ ಸಭೆಯಲ್ಲಿರುವ ವಿದ್ಯಾರ್ಥಿಗಳನ್ನು ನಾನು ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ.

ಈಗ ಹೊರಗೆ ಹೋಗೋಣ. ಎಂಟೂವರೆಗೆ ಮೈದಾನದ ದೀಪ ಆರಿಸುತ್ತಾರೆ. ಫೋನಿನ ಟಾರ್ಚಿಗೆ ಕಟ್ಟಲು ಕೆಂಪು ಹಾಳೆ ಬಾಗಿಲ ಹತ್ತಿರ ಇಟ್ಟಿದ್ದೇವೆ, ಒಂದೊಂದು ತಗೊಳ್ಳಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20 ನಿಮಿಷ ಬೇಕು, ಒಂದು ಬಿಳಿ ಬೆಳಕು ಬಿದ್ದರೆ ಎಲ್ಲರಿಗೂ ಮತ್ತೆ ಮೊದಲಿಂದ. ಅಟ್ಟದ ಆ 60 ಮಿಲಿಮೀಟರ್ ದುರ್ಬೀನನ್ನೇ ತಂದಿದ್ದೇನೆ, ವಸಿಷ್ಠನ ಮೇಲೆ ಇಟ್ಟಿರುತ್ತೇನೆ. ಚಿಕ್ಕ ಮಕ್ಕಳು ಮುಂದೆ ನಿಲ್ಲಲಿ. ಹತ್ತು ಗಂಟೆವರೆಗೆ ಇರುವವರಿಗೆ ಈಶಾನ್ಯದಲ್ಲಿ ಸ್ವಾತಿಯ ಕೆಳಗೆ, ಒಡೆದ ಬಳೆಯ ಅರ್ಧದ ಹಾಗೆ, ಉತ್ತರ ಕಿರೀಟ ತೋರಿಸುತ್ತೇನೆ. ಪೆಲ್ಟಿಯರ್ ಕಾದ ನಕ್ಷತ್ರ ಇರುವುದು ಆ ಬಳೆಯ ಅಂಚಿನಲ್ಲಿ. ಅದು ಸುಮಾರು 80 ವರ್ಷಕ್ಕೊಮ್ಮೆ ಸಿಡಿಯುತ್ತದೆ. 1946ಕ್ಕೆ 80 ಕೂಡಿಸಿ ನೋಡಿ. ನಾನು ನೋಡದ ರಾತ್ರಿ ನಿಮ್ಮಲ್ಲಿ ಯಾರಾದರೂ ನೋಡಿದರೆ ಎಷ್ಟು ಹೊತ್ತಾದರೂ ಸರಿ, ಫೋನ್ ಮಾಡಿ ನನ್ನನ್ನು ಎಬ್ಬಿಸಿ.